ಕೆಲಸದ ಜಾಗದಲ್ಲಿ ಮಾದಕ ವಸ್ತು ಪರೀಕ್ಷೆ: ಮಾಲೀಕರೊಂದಿಗೆ ಕೆಲವು ಮಾತು



ಹಬ್ಬದ ಮಾರನೆಯ ದಿನ ಬೆಳಗಿನ ಪಾಳಿಗೆ ಬಂದ ಒಬ್ಬ ಲಾರಿ ಚಾಲಕರನ್ನು ನೆನೆಸಿಕೊಳ್ಳಿ. ಹಿಂದಿನ ದಿನ ಮನೆಯಲ್ಲಿ ಗಸಗಸೆ ಪಾಯಸ. ಎರಡು ಲೋಟ ಕುಡಿದು, ಕಣ್ತುಂಬ ನಿದ್ದೆ ಮಾಡಿ ಬಂದಿದ್ದಾರೆ. ಅದೇ ದಿನ ಕಂಪನಿಯವರು ಮೂತ್ರ ಪರೀಕ್ಷೆಯ ಕಿಟ್ಟು ತರಿಸಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದಾರೆ. ಈ ಕಿಟ್ಟುಗಳಲ್ಲಿ ಗೆರೆ ಮೂಡಿದರೆ ಏನೂ ಇಲ್ಲವೆಂದು, ಮೂಡದಿದ್ದರೆ ಮಾದಕ ವಸ್ತು ಇದೆಯೆಂದು ಅರ್ಥ. ನಮ್ಮ ಚಾಲಕರ ಪಟ್ಟಿಯಲ್ಲಿ ಅಫೀಮಿನ ಗುಂಪಿನ ಎದುರು ಗೆರೆ ಮೂಡಲಿಲ್ಲ. ಮಧ್ಯಾಹ್ನದೊಳಗೆ ಅವರ ಕೈಗೆ ಲೆಕ್ಕ ಚುಕ್ತಾ ಮಾಡಿದ ಕಾಗದ ಬಂದರೆ ಏನು ಗತಿ?

ಇದು ಹೆದರಿಸಲು ಹೇಳಿದ ಮಾತಲ್ಲ. ಅಫೀಮು ಬರುವ ಗಿಡದಿಂದಲೇ ಗಸಗಸೆಯೂ ಬರುತ್ತದೆ. ಕಾಯಿಯ ಹಾಲು ಬೀಜದ ಮೇಲೆ ಅಂಟಿಕೊಂಡಿರುತ್ತದಾದ್ದರಿಂದ ಅತ್ಯಲ್ಪ ಪ್ರಮಾಣದ ಮಾರ್ಫಿನ್ ಮತ್ತು ಕೊಡೀನ್ ಹೊಟ್ಟೆಗೆ ಹೋಗುತ್ತವೆ. ಅಮಲೇರುವುದಿಲ್ಲ, ಆದರೆ ಮೂತ್ರದಲ್ಲಿ ಕಾಣಿಸಿಕೊಳ್ಳಬಹುದು. ಅಮೆರಿಕದ ಸರ್ಕಾರಿ ಪರೀಕ್ಷೆಗಳಲ್ಲಿ ಮೊದಲು ಒಂದು ಮಿಲಿಲೀಟರ್ ಮೂತ್ರದಲ್ಲಿ 300 ನ್ಯಾನೋಗ್ರಾಂ ಕಂಡರೆ ಪಾಸಿಟಿವ್ ಎನ್ನುತ್ತಿದ್ದರು. ಗಸಗಸೆ ಉದುರಿಸಿದ ಬ್ರೆಡ್ಡು ತಿಂದವರೂ ಸಿಕ್ಕಿಬೀಳುವುದನ್ನು ಕಂಡು 1998ರಲ್ಲಿ ಆ ಮಿತಿಯನ್ನು 2000ಕ್ಕೆ ಏರಿಸಿದರು. 2023ರ ಫೆಬ್ರವರಿಯಲ್ಲಿ ಅಲ್ಲಿನ ರಕ್ಷಣಾ ಇಲಾಖೆ ತನ್ನ ಸೈನಿಕರಿಗೆ ಗಸಗಸೆ ತಿನ್ನಬೇಡಿ ಎಂದೇ ಸೂಚನೆ ಕೊಟ್ಟಿತು. ನಮ್ಮ ಪೇಟೆಯಲ್ಲಿ ಸಿಗುವ ಅಗ್ಗದ ಕಿಟ್ಟುಗಳಲ್ಲಿ ಹಲವು ಇಂದಿಗೂ 300ರ ಹಳೆಯ ಮಿತಿಯವೇ. ಕೊಳ್ಳುವ ಮಾಲೀಕರು ಪೊಟ್ಟಣದ ಮೇಲಿನ ಆ ಸಂಖ್ಯೆಯನ್ನು ಓದುವುದು ಅಪರೂಪ.

ಕೆಲಸದ ಜಾಗದಲ್ಲಿ ಮಾದಕ ವಸ್ತು ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಕೆಲವು ಕೆಲಸಗಳಿಗೆ ಅದು ಬೇಕೇ ಬೇಕು. ಆದರೆ ಕಿಟ್ಟು ಕೊಂಡಮಾತ್ರಕ್ಕೆ ಪರೀಕ್ಷೆಯ ವ್ಯವಸ್ಥೆ ಆಗಿಬಿಡುವುದಿಲ್ಲ. ಸ್ಯಾಂಪಲ್ ಕೊಟ್ಟ ಗಳಿಗೆಯಿಂದ ಆ ಮನುಷ್ಯನ ಕೆಲಸದ ಬಗ್ಗೆ ತೀರ್ಮಾನವಾಗುವ ಗಳಿಗೆಯವರೆಗೆ ನಡುವೆ ಏನೇನು ನಡೆಯುತ್ತದೆಯೋ ಅದೇ ನಿಜವಾದ ವ್ಯವಸ್ಥೆ. ಇವತ್ತಿನ ನನ್ನ ಮಾತೆಲ್ಲ ಆ ನಡುವಿನ ದಾರಿಯ ಬಗ್ಗೆಯೇ.

ಇದನ್ನು ಅತಿ ವಿವರವಾಗಿ ಕಟ್ಟಿದ ದೇಶ ಅಮೆರಿಕ. ಅದರ ಹಿಂದೆ ಒಂದು ದುರಂತವಿದೆ. 1987ರ ಜನವರಿ 4ರಂದು ಮೇರಿಲ್ಯಾಂಡ್ ರಾಜ್ಯದ ಚೇಸ್ ಎಂಬಲ್ಲಿ, ಕಾನ್‌ರೇಲ್ ಕಂಪನಿಯ ಮೂರು ಎಂಜಿನ್‌ಗಳು ನಿಲ್ಲಬೇಕಾದ ಸಿಗ್ನಲ್ ದಾಟಿ ಮುಖ್ಯ ಹಳಿಗೆ ಬಂದುಬಿಟ್ಟವು. ವೇಗವಾಗಿ ಬರುತ್ತಿದ್ದ ಆಮ್‌ಟ್ರ್ಯಾಕ್ ಪ್ರಯಾಣಿಕರ ರೈಲು ಅವಕ್ಕೆ ಅಪ್ಪಳಿಸಿ 16 ಜನ ಸತ್ತರು. ಎಂಜಿನ್ ಚಾಲಕ ಮತ್ತು ಅವನ ಜೊತೆಯ ಬ್ರೇಕ್‌ಮನ್ ಇಬ್ಬರ ದೇಹದಲ್ಲೂ ಗಾಂಜಾದ ಅಂಶ ಸಿಕ್ಕಿತು. ಅಷ್ಟೇ ಆಗಿದ್ದರೆ ಕಥೆ ಸರಳ. ತನಿಖೆಯಲ್ಲಿ ಇನ್ನೂ ಎರಡು ಸಂಗತಿ ಹೊರಬಿದ್ದವು. ಎಚ್ಚರಿಸಬೇಕಾದ ಸೀಟಿಗೆ ಟೇಪು ಸುತ್ತಿ ಅದರ ಸದ್ದಡಗಿಸಲಾಗಿತ್ತು. ಚಾಲಕನ ಕೋಣೆಯೊಳಗಿನ ಸಿಗ್ನಲ್ ದೀಪದಲ್ಲಿ ಒಂದು ಬಲ್ಬೇ ಇರಲಿಲ್ಲ. ಪತ್ರಿಕೆಗಳು ಗಾಂಜಾವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದವು. ಟೇಪು ಸುತ್ತಿದ ಸೀಟಿಯ ಮಾತು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಪರೀಕ್ಷೆ ಆರಂಭಿಸುವ ಪ್ರತಿಯೊಬ್ಬ ಮಾಲೀಕರೂ ಈ ಸೀಟಿಯ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಕೆಟ್ಟ ಬ್ರೇಕು, ಕಿತ್ತುಹಾಕಿದ ಮೆಷಿನ್ ಗಾರ್ಡು, ನಿದ್ದೆಗೆಟ್ಟ ಚಾಲಕ, ಇವು ಯಾವುವೂ ಮೂತ್ರದಲ್ಲಿ ಕಾಣುವುದಿಲ್ಲ.

ಆ ಅಪಘಾತದ ನಂತರ ಒತ್ತಡ ಬೆಳೆಯಿತು. 1991ರಲ್ಲಿ ಅಮೆರಿಕದ ಸಂಸತ್ತು ಸಾರಿಗೆ ನೌಕರರ ಪರೀಕ್ಷೆಗೆಂದೇ ಕಾನೂನು ಮಾಡಿತು. ಲಾರಿ, ಬಸ್ಸು, ರೈಲು, ವಿಮಾನ, ಹಡಗು, ಅನಿಲ ಕೊಳವೆ ಮಾರ್ಗ, ಹೀಗೆ ಎಲ್ಲಿ ಒಬ್ಬನ ತಪ್ಪಿಗೆ ಹತ್ತಾರು ಜನ ಬಲಿಯಾಗಬಹುದೋ ಅಲ್ಲೆಲ್ಲ ಪರೀಕ್ಷೆ ಕಡ್ಡಾಯವಾಯಿತು. ಅಲ್ಲಿ ಬದುಕು ಕಟ್ಟಿಕೊಂಡು ಲಾರಿ ಓಡಿಸುವ ಭಾರತೀಯರಿಗೂ ಇದೇ ನಿಯಮ. ಗಮನಿಸಿ, ಸರ್ಕಾರ ಕಡ್ಡಾಯ ಮಾಡಿದ್ದು ಸುರಕ್ಷತೆಯ ಹೊಣೆ ಹೊತ್ತ ಕೆಲಸಗಳಿಗೆ ಮಾತ್ರ. ಉಳಿದ ಖಾಸಗಿ ಮಾಲೀಕರು ತಮ್ಮ ಇಚ್ಛೆಯಿಂದ, ತಮ್ಮ ರಾಜ್ಯದ ಕಾನೂನಿಗೆ ಒಳಪಟ್ಟು ಮಾಡಿಸುತ್ತಾರೆ.

ಈಗ ನಮ್ಮಲ್ಲಿಗೆ ಬರೋಣ. ಖಾಸಗಿ ಕಾರ್ಖಾನೆಗಳಲ್ಲಿ ಮಾದಕ ವಸ್ತು ಪರೀಕ್ಷೆ ಹೀಗೇ ನಡೆಯಬೇಕೆಂದು ಹೇಳುವ ಒಂದೇ ಕಾಯಿದೆ ಭಾರತದಲ್ಲಿಲ್ಲ. ವಿಮಾನಯಾನದಲ್ಲಿ ಮಾತ್ರ ಸ್ಪಷ್ಟ ನಿಯಮವಿದೆ. ನಾಗರಿಕ ವಿಮಾನಯಾನ ನಿರ್ದೇಶನಾಲಯವಾದ ಡಿಜಿಸಿಎ 2022ರ ಜನವರಿ 31ರಿಂದ ಜಾರಿಗೆ ತಂದ ನಿಯಮದಂತೆ, ವಿಮಾನ ಸಿಬ್ಬಂದಿ ಮತ್ತು ವಿಮಾನ ಸಂಚಾರ ನಿಯಂತ್ರಕರಲ್ಲಿ ವರ್ಷಕ್ಕೆ ಕನಿಷ್ಠ ಶೇಕಡಾ 10 ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ ಪರೀಕ್ಷಿಸಬೇಕು. ಮೊದಲ ಪರೀಕ್ಷೆಯಲ್ಲಿ ಸಂಶಯ ಬಂದರೆ ಆ ವ್ಯಕ್ತಿಯನ್ನು ಸುರಕ್ಷತೆಯ ಕೆಲಸದಿಂದ ದೂರವಿಡುತ್ತಾರೆ, ಎರಡನೆಯ ದೃಢೀಕರಣ ಪರೀಕ್ಷೆಗೆ ಕಳಿಸುತ್ತಾರೆ. ಅದೂ ಪಾಸಿಟಿವ್ ಆದರೆ ಮೊದಲ ಸಲ ವ್ಯಸನಮುಕ್ತಿ ಕೇಂದ್ರಕ್ಕೆ. ಎರಡನೆಯ ಸಲ ಮೂರು ವರ್ಷ ಲೈಸೆನ್ಸ್ ಅಮಾನತು, ಮೂರನೆಯ ಸಲ ರದ್ದು. ನೂರಾರು ಜನರ ಜೀವ ಕೈಯಲ್ಲಿಟ್ಟುಕೊಂಡ ಪೈಲಟ್‌ಗೇ ಮೊದಲ ಸಲ ಚಿಕಿತ್ಸೆಯ ಬಾಗಿಲು ತೆರೆದಿರುವಾಗ, ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವರಿಗೆ ಅದೇ ಬಾಗಿಲನ್ನು ಏಕೆ ಮುಚ್ಚಬೇಕು? ಈ ಪ್ರಶ್ನೆಗೆ ನನಗೆ ಇದುವರೆಗೆ ಸಮಾಧಾನದ ಉತ್ತರ ಸಿಕ್ಕಿಲ್ಲ.

ಮದ್ಯದ ವಿಷಯಕ್ಕೆ ಬಂದರೆ, ರೈಲ್ವೆಯಲ್ಲಿ ಲೋಕೋ ಪೈಲಟ್‌ಗಳು ಡ್ಯೂಟಿ ಹತ್ತುವ ಮುನ್ನ ಉಸಿರಿನ ಪರೀಕ್ಷೆ ಕೊಡುತ್ತಾರೆ. ರಸ್ತೆಯ ಮೇಲೆ ಮೋಟಾರು ವಾಹನ ಕಾಯಿದೆಯ 185ನೆಯ ಸೆಕ್ಷನ್ ಇದೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯವಿದ್ದರೆ ಅಪರಾಧ. ಆದರೆ ಪೀಣ್ಯದ ಪ್ರೆಸ್ ಶಾಪಿಗೋ ಬಿಡದಿಯ ಬಿಡಿಭಾಗದ ಕಾರ್ಖಾನೆಗೋ ಬಳ್ಳಾರಿಯ ಅದಿರು ಸಾಗಣೆದಾರರಿಗೋ ಇಂಥ ಸಿದ್ಧ ಪುಸ್ತಕವಿಲ್ಲ. ಹಾಗೆಂದು ಮನಸ್ಸಿಗೆ ಬಂದಂತೆ ಮಾಡಬಹುದೆಂದಲ್ಲ. ಬೇರೆ ಬೇರೆ ಕಾನೂನುಗಳು ಸುತ್ತ ಬೇಲಿ ಹಾಕಿವೆ.

ಮೊದಲ ಬೇಲಿ ಖಾಸಗಿತನದ್ದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು. ಇಳಿವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಕೋರ್ಟಿನ ಮೆಟ್ಟಿಲೇರಿದ ಅವರ ಹೆಸರಿನಲ್ಲೇ ಇಂದು ದೇಶದ ಖಾಸಗಿತನದ ಕಾನೂನು ನಿಂತಿದೆ. ಒಬ್ಬನ ಮೂತ್ರ, ರಕ್ತ, ಅವನು ನುಂಗುವ ಮಾತ್ರೆ, ಇವುಗಳಿಗಿಂತ ಖಾಸಗಿಯಾದದ್ದು ಇನ್ನೇನಿದೆ? ಅದರ ಬೆನ್ನಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದಿದೆ. ಕಂಪ್ಯೂಟರಿನಲ್ಲಿ ಫಲಿತಾಂಶ ಇಟ್ಟುಕೊಳ್ಳುವ ಮಾಲೀಕರು ಅದರ ಹೊಣೆಗೂ ಸಿದ್ಧರಾಗಿರಬೇಕು.

ಎರಡನೆಯದು ಕಾರ್ಮಿಕ ಕಾನೂನಿನ ಬೇಲಿ. ಕೆಲಸದ ಹೊತ್ತಿನಲ್ಲಿ ಕುಡಿದಿರುವುದು ದುರ್ನಡತೆಯೆಂದು ಮಾದರಿ ಸ್ಥಾಯಿ ಆದೇಶಗಳು ಮೊದಲಿನಿಂದಲೂ ಹೇಳಿವೆ. ಆದರೆ ದುರ್ನಡತೆಯೆಂದಾಕ್ಷಣ ಮನೆಗೆ ಕಳಿಸಲು ಬರುವುದಿಲ್ಲ. ದೋಷಾರೋಪಣಾ ಪಟ್ಟಿ ಕೊಡಬೇಕು, ಉತ್ತರ ಪಡೆಯಬೇಕು, ವಿಚಾರಣೆ ನಡೆಸಬೇಕು. ವಿಚಾರಣೆ ಮುಗಿಯುವವರೆಗೆ ಅಮಾನತಿನಲ್ಲಿಟ್ಟರೆ ಜೀವನಾಧಾರ ಭತ್ಯೆ ಕೊಡಬೇಕು, ಮೊದಲ 90 ದಿನ ವೇತನದ ಅರ್ಧದಷ್ಟು. ಅನುಮಾನದ ಮೇಲೆ ತೀರ್ಪು ಕೊಡುವವರಿಗೆ 1971ರ ಸುಪ್ರೀಂ ಕೋರ್ಟಿನ ಒಂದು ತೀರ್ಪನ್ನು ನೆನಪಿಸಬೇಕು. ಮಹಾರಾಷ್ಟ್ರದಿಂದ ಬಂದ ಆ ಮೊಕದ್ದಮೆಯಲ್ಲಿ ನ್ಯಾಯಾಲಯ ಹೇಳಿದ್ದು ಇಷ್ಟು: ಬಾಯಿಯಲ್ಲಿ ಮದ್ಯದ ವಾಸನೆ, ತೂರಾಡುವ ನಡಿಗೆ, ತೊದಲು ಮಾತು, ಹಿಗ್ಗಿದ ಕಣ್ಣಪಾಪೆ, ಇವಿಷ್ಟನ್ನೇ ನೋಡಿ ಕುಡಿದಿದ್ದನೆಂದು ತೀರ್ಮಾನಿಸಲು ಬರುವುದಿಲ್ಲ. ಸರಿಯಾದ ಪರೀಕ್ಷೆ ನಿರಪರಾಧಿಗೂ ರಕ್ಷೆ, ಮಾಲೀಕರಿಗೂ ರಕ್ಷೆ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಮೂರನೆಯದು 2017ರ ಮಾನಸಿಕ ಆರೋಗ್ಯ ಕಾಯಿದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಅದು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂದೂ ಹೇಳಿದೆ. ವ್ಯಸನವನ್ನು ಕಾಯಿಲೆಯೆಂದು ಕಾನೂನು ಒಪ್ಪಿದ ಮೇಲೆ ನಾವು ಅದನ್ನು ಬರೀ ಚಟವೆಂದು ಬೈದು ಕೈತೊಳೆದುಕೊಳ್ಳುವಂತಿಲ್ಲ.

ಸರಿ, ಮಾಲೀಕರೊಬ್ಬರು ನಿಜವಾಗಿ ಶುರುಮಾಡಬೇಕೆಂದುಕೊಂಡರೆ ಎಲ್ಲಿಂದ ಶುರುಮಾಡಬೇಕು? ಕಿಟ್ಟಿನಿಂದ ಅಲ್ಲ, ಕಾಗದದಿಂದ. ಯಾವ ಯಾವ ಹುದ್ದೆಗೆ ಪರೀಕ್ಷೆ, ಏಕೆ, ಯಾವಾಗ, ಯಾವ ವಸ್ತುಗಳಿಗೆ, ಫಲಿತಾಂಶ ಯಾರ ಕೈಗೆ ಹೋಗುತ್ತದೆ, ಪಾಸಿಟಿವ್ ಬಂದರೆ ಮುಂದೇನು, ಒಪ್ಪದಿದ್ದರೆ ಮುಂದೇನು, ಎಲ್ಲವನ್ನೂ ಬರೆಯಬೇಕು. ಬರೆಯುವಾಗ ಯೂನಿಯನ್ನಿನವರನ್ನು ಎದುರಿಗೆ ಕೂರಿಸಿಕೊಳ್ಳಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಈ ವಿಷಯಕ್ಕೆಂದೇ ಒಂದು ಆಚಾರಸಂಹಿತೆ ಪ್ರಕಟಿಸಿದೆ. ಕಾರ್ಮಿಕರ ಪ್ರತಿನಿಧಿಗಳ ಜೊತೆಗೂಡಿಯೇ ನೀತಿ ರೂಪಿಸಬೇಕೆನ್ನುವುದು ಅದರ ತಿರುಳು. ಕಾಗದ ಇಂಗ್ಲಿಷಿನಲ್ಲಿದ್ದು ಕೆಳಗೆ ಸಹಿ ಹಾಕಿಸಿಕೊಂಡರೆ ಅದು ಒಪ್ಪಿಗೆಯಲ್ಲ. ಕನ್ನಡದಲ್ಲಿರಬೇಕು, ಒಡಿಶಾ, ಬಿಹಾರ, ಜಾರ್ಖಂಡಿನಿಂದ ಬಂದವರಿದ್ದರೆ ಅವರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು. ಓದಲು ಬಾರದವರಿಗೆ ಕೂರಿಸಿಕೊಂಡು ಓದಿಹೇಳಬೇಕು. ಜಾರಿಗೆ ಬರುವ ಮುನ್ನ ಒಂದೆರಡು ತಿಂಗಳು ಕಾಲಾವಕಾಶ ಕೊಟ್ಟರೆ ಒಳ್ಳೆಯದು. ಅಷ್ಟರಲ್ಲಿ ಸಹಾಯ ಬೇಕಾದವರು ತಾವಾಗಿಯೇ ಮುಂದೆ ಬರುತ್ತಾರೆ.

ಯಾರನ್ನು ಪರೀಕ್ಷಿಸಬೇಕು? ಚಾಲಕರು, ಕ್ರೇನ್ ನಡೆಸುವವರು, ಕುದಿಯುವ ಲೋಹ ಸುರಿಯುವವರು, ಎತ್ತರದಲ್ಲಿ ಕೆಲಸ ಮಾಡುವವರು, ಹೈ ವೋಲ್ಟೇಜ್ ಲೈನ್ ಮುಟ್ಟುವವರು, ಇವರಿಗೆ ಕಾರಣ ಕಣ್ಣಿಗೆ ಕಾಣುತ್ತದೆ. ಬೆಂಗಳೂರಿನ ಕೆಲವು ಐಟಿ ಕಂಪನಿಗಳಲ್ಲಿ ಅಮೆರಿಕದ ಗ್ರಾಹಕರು ಕರಾರಿನಲ್ಲಿ ಕೇಳುತ್ತಾರೆಂದು, ಕಂಪ್ಯೂಟರ್ ಮುಂದೆ ಕೂರುವ ಹುಡುಗ ಹುಡುಗಿಯರ ಮೂತ್ರವನ್ನೂ ಪರೀಕ್ಷಿಸುತ್ತಾರೆ. ಅದರಲ್ಲಿ ಯಾರ ಜೀವ ಉಳಿಯುತ್ತದೆಯೋ ನನಗೆ ತಿಳಿಯದು. ಕರಾರು ಕೇಳಿತೆಂಬುದು ಸುರಕ್ಷತೆಯ ಕಾರಣವಾಗುವುದಿಲ್ಲ.

ಸುರಕ್ಷತೆಯ ಹೊಣೆ ಇರುವ ಕಡೆ ಮಾತ್ರ ಭೇದವಿರಬಾರದು. ಚಾಲಕರಿಗೆ ಪರೀಕ್ಷೆಯಿದ್ದರೆ, ಯಾರ್ಡಿನಲ್ಲಿ ಗಾಡಿ ಓಡಿಸುವ ಮ್ಯಾನೇಜರಿಗೂ ಪರೀಕ್ಷೆಯಿರಬೇಕು. ಆರಿಸುವುದು ಕಂಪ್ಯೂಟರ್ ಎತ್ತಿದ ಸಂಖ್ಯೆಯ ಪ್ರಕಾರವೇ ಆಗಬೇಕು. ಸೂಪರ್‌ವೈಸರ್ ಬೆರಳು ತೋರಿಸಿದವರನ್ನು ಕರೆದರೆ ಅದು ಪರೀಕ್ಷೆಯಾಗುವುದಿಲ್ಲ, ಹಗೆ ತೀರಿಸಿಕೊಳ್ಳುವ ದಾರಿಯಾಗುತ್ತದೆ. ಒಮ್ಮೆ ಹೆಸರು ಬಂದವರ ಹೆಸರು ಮತ್ತೆ ಪಟ್ಟಿಗೆ ಸೇರಬೇಕು, ಇಲ್ಲವಾದರೆ ಪರೀಕ್ಷೆ ಮುಗಿದವರು ವರ್ಷವಿಡೀ ನಿಶ್ಚಿಂತರಾಗಿಬಿಡುತ್ತಾರೆ. ಅಮೆರಿಕದಲ್ಲಿ ಒಂದೇ ಲಾರಿ ಇಟ್ಟುಕೊಂಡು ತಾನೇ ಓಡಿಸುವ ಮಾಲೀಕ ತನ್ನನ್ನು ತಾನೇ ಆರಿಸಿಕೊಳ್ಳುವಂತಿಲ್ಲ. ಹಲವರು ಸೇರಿ ಮಾಡಿಕೊಂಡ ಒಕ್ಕೂಟದ ಪಟ್ಟಿಗೆ ಸೇರಲೇಬೇಕು. ನಮ್ಮ ಸಣ್ಣ ಕೈಗಾರಿಕೆಗಳಿಗೆ ಇದು ಒಳ್ಳೆಯ ಮಾದರಿ. ಹತ್ತಿಪ್ಪತ್ತು ಜನರ ಘಟಕವೊಂದು ವೈದ್ಯರನ್ನು, ಲ್ಯಾಬನ್ನು ಒಂಟಿಯಾಗಿ ಗೊತ್ತುಮಾಡಿಕೊಳ್ಳುವುದು ದುಬಾರಿ. ಕೈಗಾರಿಕಾ ಪ್ರದೇಶದ ಸಂಘದವರೇ ಒಟ್ಟಾಗಿ ಒಂದು ಪಟ್ಟಿ, ಒಬ್ಬ ವೈದ್ಯರು, ಒಂದು ಲ್ಯಾಬ್ ಇಟ್ಟುಕೊಂಡರೆ ಖರ್ಚೂ ಹಂಚಿಹೋಗುತ್ತದೆ, ಪಕ್ಷಪಾತದ ಮಾತೂ ನಿಲ್ಲುತ್ತದೆ.

ಇನ್ನು ಅನುಮಾನ ಬಂದಾಗ ಮಾಡುವ ಪರೀಕ್ಷೆ. ಇದಕ್ಕೆ ಇಬ್ಬರು ತರಬೇತಾದ ಮೇಲ್ವಿಚಾರಕರು ಬೇಕು ಎನ್ನುವುದು ನನ್ನ ಅಭಿಪ್ರಾಯ. ತಾವು ಕಂಡದ್ದನ್ನು, ಗಂಟೆ ನಿಮಿಷ ಸಮೇತ, ಅವರು ಆಗಲೇ ಬರೆದಿಡಬೇಕು. ಒಂದು ಎಚ್ಚರಿಕೆಯನ್ನು ದಯವಿಟ್ಟು ಎಲ್ಲ ಸೂಪರ್‌ವೈಸರುಗಳಿಗೂ ಹೇಳಿಕೊಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದವರಿಗೆ ರಕ್ತದ ಸಕ್ಕರೆ ಇಳಿದರೆ ಬೆವರುತ್ತಾರೆ, ತೊದಲುತ್ತಾರೆ, ತೂರಾಡುತ್ತಾರೆ, ಸಿಡುಕುತ್ತಾರೆ. ನೋಡಿದವರಿಗೆ ಕುಡಿದಂತೆಯೇ ಕಾಣುತ್ತದೆ. ಅವರನ್ನು ಮೂಲೆಯಲ್ಲಿ ಕೂರಿಸಿ ವಿಚಾರಣೆ ಮಾಡುತ್ತ ಹೊತ್ತು ಕಳೆದರೆ ಪ್ರಾಣಕ್ಕೇ ಕುತ್ತು. ಮೊದಲು ಬೆರಳಿನ ಹನಿ ರಕ್ತದಿಂದ ಸಕ್ಕರೆ ನೋಡಿ, ಬಿ.ಪಿ. ನೋಡಿ, ತಲೆಗೆ ಪೆಟ್ಟು ಬಿದ್ದಿದೆಯೇ ಕೇಳಿ. ಉಳಿದದ್ದೆಲ್ಲ ಆಮೇಲೆ.

ಉಸಿರಿನ ಯಂತ್ರದ ಬಗ್ಗೆಯೂ ಒಂದು ಮಾತು. 2025ರ ಜುಲೈನಲ್ಲಿ ಕೇರಳದ ಪಂದಳಂ ಬಸ್ ಡಿಪೋದಲ್ಲಿ ಕುಡಿಯದ ಚಾಲಕರು ಯಂತ್ರದಲ್ಲಿ ಸಿಕ್ಕಿಬಿದ್ದರು. ವಿಚಾರಿಸಿದರೆ, ಬೆಳಗ್ಗೆ ಚೆನ್ನಾಗಿ ಕಳಿತ ಹಲಸಿನ ತೊಳೆ ತಿಂದಿದ್ದರು! ಹುಳಿ ಹಿಡಿಯತೊಡಗಿದ ಹಣ್ಣು, ದ್ರಾಕ್ಷಾರಿಷ್ಟ, ದಶಮೂಲಾರಿಷ್ಟ, ಬಾಯಿ ಮುಕ್ಕಳಿಸುವ ಕೆಲವು ದ್ರಾವಣಗಳು, ಇವೆಲ್ಲದರ ಮದ್ಯಾಂಶ ಕೆಲ ನಿಮಿಷ ಬಾಯಲ್ಲಿ ಉಳಿಯುತ್ತದೆ. ಇದಕ್ಕೆ ಸುಲಭದ ಪರಿಹಾರವಿದೆ. ಯಂತ್ರ ಪಾಸಿಟಿವ್ ತೋರಿಸಿದರೆ ಬಾಯಿಗೆ ಏನೂ ಹಾಕಿಕೊಳ್ಳದಂತೆ ನೋಡಿಕೊಂಡು 15 ನಿಮಿಷ ಕಾಯಿಸಿ, ಮತ್ತೆ ಊದಿಸಿ. ಬಾಯಲ್ಲಿದ್ದುದು ಹೋಗಿರುತ್ತದೆ, ರಕ್ತದಲ್ಲಿದ್ದರೆ ಉಳಿದಿರುತ್ತದೆ. ಅಮೆರಿಕದ ನಿಯಮದಲ್ಲೂ ಎರಡನೆಯ ಸಲ ಊದಿಸುವ ಮುನ್ನ 15 ನಿಮಿಷದ ಈ ಕಾಯುವಿಕೆ ಕಡ್ಡಾಯ. ಯಂತ್ರದ ಕ್ಯಾಲಿಬ್ರೇಷನ್ ಪ್ರಮಾಣಪತ್ರದ ದಿನಾಂಕ ದಾಟಿದ್ದರೆ ಆ ಫಲಿತಾಂಶ ಯಾವ ವಿಚಾರಣೆಯಲ್ಲೂ ನಿಲ್ಲುವುದು ಕಷ್ಟ.

ಉಸಿರಿನ ಪರೀಕ್ಷೆಗೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10ರಿಂದ 75 ವಯಸ್ಸಿನವರಲ್ಲಿ ಶೇಕಡಾ 14.6 ಮಂದಿ ಮದ್ಯ ಸೇವಿಸುವವರು, ಶೇಕಡಾ 2.8 ಮಂದಿ ಭಾಂಗ್, ಗಾಂಜಾ, ಚರಸ್ ಬಳಸುವವರು, ಅಫೀಮಿನ ಗುಂಪಿನವು ಶೇಕಡಾ 2.1. ದೊಡ್ಡ ಹೆಸರಿನ ಹತ್ತು ಬಗೆಯ ಮೂತ್ರ ಪರೀಕ್ಷೆಗೆ ಹಣ ಸುರಿದು ಗೇಟಿನಲ್ಲಿ ಉಸಿರು ನೋಡದಿದ್ದರೆ, ದೊಡ್ಡ ಅಪಾಯವನ್ನು ಒಳಗೆ ಬಿಟ್ಟುಕೊಂಡಂತೆ.

ಮೂತ್ರದ ಸ್ಯಾಂಪಲ್ ತೆಗೆದುಕೊಳ್ಳುವ ಕ್ರಮದಲ್ಲೇ ಅರ್ಧ ನ್ಯಾಯ ಅಡಗಿದೆ. ಅಮೆರಿಕದ ಸಾರಿಗೆ ಇಲಾಖೆಯ ಕ್ರಮವನ್ನು ವಿವರಿಸುತ್ತೇನೆ. ಸಾಮಾನ್ಯ ಸಂದರ್ಭದಲ್ಲಿ ಯಾರೂ ಪಕ್ಕದಲ್ಲಿ ನಿಂತು ನೋಡುವುದಿಲ್ಲ, ಬಾಗಿಲು ಹಾಕಿಕೊಳ್ಳಲು ಬಿಡುತ್ತಾರೆ. ಮೋಸ ತಡೆಯಲು ಕಮೋಡಿನ ನೀರಿಗೆ ನೀಲಿ ಬಣ್ಣ ಹಾಕಿ, ನಲ್ಲಿ ಬಂದ್ ಮಾಡಿರುತ್ತಾರೆ. ಕನಿಷ್ಠ 45 ಮಿಲಿಲೀಟರ್ ಬೇಕು. ಹೊರಗೆ ತಂದ ನಾಲ್ಕು ನಿಮಿಷದೊಳಗೆ ಅದರ ಶಾಖ 32ರಿಂದ 38 ಡಿಗ್ರಿ ಸೆಲ್ಸಿಯಸ್ ಇದೆಯೇ ಎಂದು ನೋಡುತ್ತಾರೆ. ಆಗಷ್ಟೇ ಮೈಯಿಂದ ಬಂದದ್ದೋ ಜೇಬಿನಲ್ಲಿ ತಂದದ್ದೋ ಅದರಿಂದ ತಿಳಿಯುತ್ತದೆ. ಬಳಿಕ ಕೊಟ್ಟವರ ಕಣ್ಣೆದುರೇ ಎರಡು ಸೀಸೆಗಳಿಗೆ 30 ಮತ್ತು 15 ಮಿಲಿಲೀಟರಿನಂತೆ ಸುರಿದು, ಮೊಹರು ಅಂಟಿಸಿ, ಅದರ ಮೇಲೆ ಅವರಿಂದಲೇ ಹೆಸರಿನ ಮೊದಲಕ್ಷರ ಹಾಕಿಸುತ್ತಾರೆ. ಪೊಲೀಸರು ಪಂಚರ ಮುಂದೆ ಮಹಜರು ಮಾಡಿ ವಸ್ತುವಿಗೆ ಮೊಹರು ಹಾಕುತ್ತಾರಲ್ಲ, ಹಾಗೆ. ಆ ಸೀಸೆ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಪ್ರತಿ ಹೆಜ್ಜೆಯೂ ಕಾಗದದಲ್ಲಿರುತ್ತದೆ. ಲ್ಯಾಬಿಗೆ ಹೋಗುವುದು ಸಂಖ್ಯೆ ಮಾತ್ರ, ಹೆಸರಲ್ಲ. ಸಂಕೋಚದಿಂದಲೋ ಮತ್ತೇನಕ್ಕೋ ಮೂತ್ರ ಬಾರದವರಿಗೆ ಮೂರು ಗಂಟೆಯವರೆಗೆ ಸಮಯ ಕೊಡುತ್ತಾರೆ, ಕುಡಿಯಲು ನೀರು ಕೊಡುತ್ತಾರೆ. ನಿರಾಕರಿಸಿದರೆಂದು ಆತುರದಲ್ಲಿ ಬರೆದುಕೊಳ್ಳುವುದಿಲ್ಲ. ನಮ್ಮಲ್ಲಿ ಮಹಿಳಾ ಕಾರ್ಮಿಕರಿದ್ದರೆ ಸ್ಯಾಂಪಲ್ ಪಡೆಯುವವರು ಮಹಿಳೆಯೇ ಆಗಿರಬೇಕೆಂದು ನೀತಿಯಲ್ಲೇ ಬರೆದುಬಿಡಿ.

ಅಮೆರಿಕದಲ್ಲಿ ಆ ಎರಡನೆಯ ಸೀಸೆ ಕಾರ್ಮಿಕರ ಹಕ್ಕು. ಮೊದಲನೆಯದು ಪಾಸಿಟಿವ್ ಬಂದರೆ, ತಿಳಿಸಿದ 72 ಗಂಟೆಯೊಳಗೆ, ಎರಡನೆಯದನ್ನು ಬೇರೊಂದು ಲ್ಯಾಬಿನಲ್ಲಿ ನೋಡಿ ಎಂದು ಅವರು ಕೇಳಬಹುದು. ಇನ್ನು ಮೊದಲನೆಯ ಸೀಸೆಗೂ ಲ್ಯಾಬಿನಲ್ಲಿ ಎರಡು ಹಂತ. ಕಿಟ್ಟಿನ ಬಗೆಯ ಮೊದಲ ಪರೀಕ್ಷೆ ಒಂದು ಗುಂಪಿನ ವಸ್ತುವನ್ನು ಹೋಲುವ ಯಾವುದನ್ನು ಕಂಡರೂ ಕೈ ಎತ್ತಬಹುದು; ನೆಗಡಿಯ ಕೆಲವು ಮಾತ್ರೆಗಳೂ ಉತ್ತೇಜಕದಂತೆ ಕಾಣಿಸಿಬಿಡುತ್ತವೆ. ಅದಕ್ಕೇ ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ಎರಡನೆಯ ವಿಧಾನದಿಂದ ವಸ್ತು ಇಂಥದ್ದೇ, ಪ್ರಮಾಣ ಇಷ್ಟೇ ಎಂದು ಖಚಿತಪಡಿಸಬೇಕು. ಲ್ಯಾಬಿನ ಜೊತೆ ಒಪ್ಪಂದ ಮಾಡಿಕೊಳ್ಳುವಾಗ, ಈ ಪರೀಕ್ಷೆಗೆ, ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಇದೆಯೇ, ದೃಢೀಕರಣ ಅಲ್ಲೇ ಮಾಡುತ್ತಾರೆಯೇ ಎಂದು ಕೇಳಿ. ಲ್ಯಾಬಿಗೆ ಮಾನ್ಯತೆ ಇದೆ ಎಂಬ ಬೋರ್ಡು ಸಾಲದು. ಮಾನ್ಯತೆ ಒಂದೊಂದು ಪರೀಕ್ಷೆಗೂ ಬೇರೆಬೇರೆಯಾಗಿರುತ್ತದೆ.

ಲ್ಯಾಬಿನ ವರದಿ ಬಂದ ಮೇಲೂ ಅದು ನೇರವಾಗಿ ಎಚ್.ಆರ್. ಮೇಜಿಗೆ ಹೋಗಬಾರದು. ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಮುಖ್ಯವೆನಿಸುವ ಹೆಜ್ಜೆ ಇದು. ಅಮೆರಿಕದ ಕ್ರಮದಲ್ಲಿ ಒಬ್ಬ ತರಬೇತಿ ಪಡೆದ ವೈದ್ಯರು ವರದಿ ಕೈಗೆತ್ತಿಕೊಂಡು, ಮೊದಲು ಆ ಕಾರ್ಮಿಕರಿಗೇ ಫೋನ್ ಮಾಡಿ ಮಾತಾಡುತ್ತಾರೆ. ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ, ಯಾರು ಬರೆದುಕೊಟ್ಟರು, ಚೀಟಿ ಇದೆಯೇ? ಕೊಡೀನ್ ಇರುವ ಕೆಮ್ಮಿನ ಸಿರಪ್ ಇರಬಹುದು, ಮನೋವೈದ್ಯರು ಕೊಟ್ಟ ನಿದ್ದೆಯ ಅಥವಾ ಆತಂಕದ ಮಾತ್ರೆ ಇರಬಹುದು. ವೈದ್ಯರ ಚೀಟಿ ಸರಿಯಿದ್ದರೆ ವೈದ್ಯರು ಮಾಲೀಕರಿಗೆ ನೆಗೆಟಿವ್ ಎಂದೇ ತಿಳಿಸುತ್ತಾರೆ. ಆ ಔಷಧಿಯಿಂದ ಮಂಪರು ಬರುವಂತಿದ್ದರೆ, ಇಷ್ಟು ದಿನ ಗಾಡಿ ಓಡಿಸುವುದು ಬೇಡ ಎಂದು ಹೇಳಬಹುದು, ಕಾಯಿಲೆಯ ಹೆಸರು ಹೇಳಬೇಕಿಲ್ಲ. ಖಿನ್ನತೆಗೆ ಮಾತ್ರೆ ನುಂಗುವ ಸಂಗತಿ ಕ್ಯಾಂಟೀನಿನ ಮಾತಾದರೆ ಆ ಮನುಷ್ಯ ಮುಂದೆ ಮಾತ್ರೆಯನ್ನೇ ಬಿಟ್ಟುಬಿಡುತ್ತಾನೆ. ಅದರಿಂದ ಸುರಕ್ಷತೆ ಹೆಚ್ಚುವುದಿಲ್ಲ, ಕುಗ್ಗುತ್ತದೆ.

ಗಾಂಜಾದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮದ್ಯ ಕೆಲವು ಗಂಟೆಗಳಲ್ಲಿ ದೇಹದಿಂದ ಹೊರಟುಹೋಗುತ್ತದೆ. ಗಾಂಜಾದ ಉಳಿಕೆ ಕೊಬ್ಬಿನಲ್ಲಿ ಸೇರಿಕೊಂಡು, ದಿನವೂ ಸೇದುವವರ ಮೂತ್ರದಲ್ಲಿ ವಾರಗಟ್ಟಲೆ ಕಾಣಬಹುದು. ಅಂದರೆ ಮೂತ್ರ ಪರೀಕ್ಷೆ ಹಿಂದೆಂದೋ ಸೇವಿಸಿದ್ದನ್ನು ತೋರಿಸುತ್ತದೆ; ಈ ಕ್ಷಣ ಅಮಲಿನಲ್ಲಿದ್ದಾರೆಂದು ಅದು ಹೇಳಲಾರದು. ಕ್ಯಾಲಿಫೋರ್ನಿಯಾ ರಾಜ್ಯ 2024ರ ಜನವರಿ 1ರಿಂದ, ಇಂಥ ಅಮಲೇರಿಸದ ಉಳಿಕೆಯನ್ನಷ್ಟೇ ನೋಡಿ ನೌಕರರ ವಿರುದ್ಧ ಕ್ರಮ ಕೈಗೊಳ್ಳುವುದನ್ನು ಹೆಚ್ಚಿನ ಉದ್ಯೋಗಗಳಲ್ಲಿ ನಿಷೇಧಿಸಿದೆ. ನಮ್ಮಲ್ಲಿ ಭಾಂಗಿನ ಪ್ರಶ್ನೆಯೂ ಇದೆ. ಮಾದಕ ವಸ್ತು ಕಾಯಿದೆ ಗಾಂಜಾ ಎನ್ನುವುದು ಗಿಡದ ಹೂ, ಕಾಯಿ ಬಿಡುವ ತುದಿಗೆ. ತುದಿಯಿಲ್ಲದ ಬರೀ ಎಲೆಯನ್ನು ಹೊರಗಿಟ್ಟಿದೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಒಂದು ಜಾಮೀನು ಆದೇಶದಲ್ಲಿ, ಆ ಕಾಯಿದೆಯಲ್ಲಿ ಭಾಂಗನ್ನು ನಿಷೇಧಿಸಿಲ್ಲವೆಂದು ಗಮನಿಸಿತು. ಹೋಳಿಗೆ ಉತ್ತರ ಪ್ರದೇಶದ ಊರಿಗೆ ಹೋಗಿ ಭಾಂಗ್ ಸೇರಿಸಿದ ಠಂಡಾಯಿ ಕುಡಿದು ಬಂದವರ ಮೂತ್ರವೂ, ಗೇಟಿನ ಹೊರಗೆ ಗಾಂಜಾ ಸೇದಿ ಒಳಬಂದವರ ಮೂತ್ರವೂ ಒಂದೇ ಉತ್ತರ ಕೊಡುತ್ತವೆ. ಹಾಗಾದರೆ ಪಾಸಿಟಿವ್ ಬಂದ ಚಾಲಕರನ್ನು ಗಾಡಿಯ ಮೇಲೆ ಕೂರಿಸಬೇಕೇ? ಬೇಡ. ಅಂದಿನ ಮಟ್ಟಿಗೆ ಗಾಡಿಯಿಂದ ಇಳಿಸಿ, ಬೇರೆ ಕೆಲಸ ಕೊಡಿ. ಇಳಿಸುವುದು ಎಚ್ಚರಿಕೆಯ ಕ್ರಮ, ಶಿಕ್ಷೆ ಬೇರೆ ಮಾತು. ಇವೆರಡನ್ನೂ ನೀತಿಯ ಕಾಗದದಲ್ಲಿ ಬೇರೆ ಬೇರೆ ಪುಟದಲ್ಲಿ ಬರೆಯಿರಿ.

ಇಲ್ಲಿ ಮಾಲೀಕರಿಗೆ ಕಠಿಣವಾದ ಒಂದು ಮಾತನ್ನು ಹೇಳಲೇಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯ ಕಾಲದಿಂದಲೂ ಚಾಲಕರ ದುಡಿಮೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯೆಂದು ನಮ್ಮ ಕಾನೂನು ಹೇಳುತ್ತ ಬಂದಿದೆ. ಹುಬ್ಬಳ್ಳಿಯಿಂದ ಹೊರಟ ಗಾಡಿ ನಾಳೆ ಬೆಳಗಾಗುವುದರೊಳಗೆ ಚೆನ್ನೈ ಮುಟ್ಟಲೇಬೇಕೆಂದು ಒಬ್ಬನೇ ಚಾಲಕನನ್ನು ರಾತ್ರಿಯಿಡೀ ಓಡಿಸಿ, ಅವನು ಎಚ್ಚರವಾಗಿರಲು ಏನೋ ನುಂಗಿದ, ಮಲಗಲು ಏನೋ ಕುಡಿದ ಎಂದು ಹಿಡಿಯುವುದು ನ್ಯಾಯವಲ್ಲ. ಪರೀಕ್ಷೆಯ ಪಟ್ಟಿ ತೆರೆಯುವ ದಿನವೇ ಡ್ಯೂಟಿ ಚಾರ್ಟನ್ನೂ ತೆರೆದು ನೋಡಿ.

ದೃಢಪಟ್ಟ ಮೇಲೆ ಏನು ಮಾಡಬೇಕು? ಚಿಕಿತ್ಸೆಗೆ ಕಳಿಸಿ, ಕೆಲಸ ಕಾದಿಡಿ. ಹಿಂತಿರುಗಿ ಬಂದಾಗ ಮತ್ತೊಂದು ಪರೀಕ್ಷೆ ನೆಗೆಟಿವ್ ಬಂದರೆ ಕೆಲಸಕ್ಕೆ ಹಚ್ಚಿ. ಅಮೆರಿಕದಲ್ಲಿ ಹೀಗೆ ಮರಳಿದವರಿಗೆ ಮೊದಲ 12 ತಿಂಗಳಲ್ಲಿ ಮುನ್ಸೂಚನೆಯಿಲ್ಲದ ಕನಿಷ್ಠ ಆರು ಪರೀಕ್ಷೆ ಕಡ್ಡಾಯ. ಕೇಳಲು ಕಠಿಣವೆನಿಸಿದರೂ, ಬಿಟ್ಟವರಿಗೆ ಬಿಟ್ಟೇ ಇರಲು ಇದು ಆಸರೆಯಾಗಬಲ್ಲದು. ಗೆಳೆಯರು ಎಳೆದಾಗ, ನಾಳೆ ಟೆಸ್ಟಿದೆ ಮಾರಾಯ ಎಂದು ತಪ್ಪಿಸಿಕೊಳ್ಳಲು ಒಂದು ನೆಪವಾಗುತ್ತದೆ. ಪೊಲೀಸರ ಭಯದಿಂದ ಚಿಕಿತ್ಸೆಗೆ ಹೋಗಲು ಹಿಂಜರಿಯುವವರಿಗೆ ಒಂದು ಧೈರ್ಯದ ಮಾತಿದೆ. 1985ರ ಮಾದಕ ವಸ್ತು ಕಾಯಿದೆಯ 64ಎ ಸೆಕ್ಷನ್ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುವ ವ್ಯಸನಿ ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರೈಸಿದರೆ, ಆ ಆರೋಪದ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಇದನ್ನು ನಿಮ್ಮ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿ ಹಾಕಿ.

ಚಿಕಿತ್ಸೆಗೆ ದೂರ ಅಲೆಯಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಅಲ್ಲಿನ ವೈದ್ಯರು ನಮ್ಮ ರಾಜ್ಯದ ಸಾರಿಗೆ ನಿಗಮದ ನೌಕರರ ನಡುವೆ ಕುಡಿತ ತಡೆಯುವ ಕಾರ್ಯಕ್ರಮ ನಡೆಸಿದ ಅನುಭವವುಳ್ಳವರು. ಊರಲ್ಲಿದ್ದುಕೊಂಡೇ ಮಾತಾಡಬೇಕೆನ್ನುವವರು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು. ಮನಸ್ಸಿನ ತೊಂದರೆಗೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಬರೆದುಕೊಳ್ಳುವವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ. ಒಂದು, ನಾಲ್ಕು, ನಾಲ್ಕು, ನಾಲ್ಕು, ಆರು. ಮತ್ತು, ಒಂದು, ನಾಲ್ಕು, ನಾಲ್ಕು, ಒಂದು, ಆರು.